ದಾರಿಯ ಬದಿಯಲ್ಲಿ ಬಿದ್ದಿದ್ದವನು ಮಿಷನರಿಯೇ

ಪರದೇಶದಲ್ಲಿ ಸೇವೆ ಮಾಡುವ ಮಿಷನರಿಗಳ ವಿಷಯ ಬಂದಾಗಲೆಲ್ಲ ನಮ್ಮ ಚರ್ಚುಗಳಲ್ಲಿ ತಪ್ಪದೆ ಕೇಳಿಬರುವುದು ಯೇಸು ಹೇಳಿದ ಒಳ್ಳೆಯ ಸಮಾರಿಯದವನ ಸಾಮತಿ, ಎಂದರೆ ದೃಷ್ಟಾಂತ ಕಥೆ. ಜೆರುಸಲೇಮಿನಿಂದ ಜೆರಿಕೋವಿಗೆ ಇಳಿದು ಹೋಗುತ್ತಿದ್ದವನೊಬ್ಬ ಕಳ್ಳರ ಕೈಗೆ ಸಿಕ್ಕಿ, ಪೆಟ್ಟು ತಿಂದು, ಅರೆಜೀವವಾಗಿ ದಾರಿಯ ಬದಿಯಲ್ಲಿ ಬಿದ್ದಿರುತ್ತಾನೆ. ಯಾಜಕನೂ ದೇವಾಲಯದ ಸೇವೆಯ ಲೇವಿಯನೂ ಕಂಡೂ ಕಾಣದಂತೆ ದಾಟಿ ಹೋದ ಮೇಲೆ, ಯೆಹೂದ್ಯರು ಹತ್ತಿರ ಸೇರಿಸದ ಸಮಾರಿಯದವನೊಬ್ಬ ಬಂದು, ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿ, ತನ್ನ ಸವಾರಿಯ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಕರೆದೊಯ್ಯುತ್ತಾನೆ. ಛತ್ರದವನ ಕೈಗೆ ಎರಡು ದಿನಾರಿ, ಎಂದರೆ ಆ ಕಾಲದ ಎರಡು ದಿನದ ಕೂಲಿ ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುತ್ತೇನೆ ಎಂದು ಹೇಳಿ ಹೋಗುತ್ತಾನೆ. ಪ್ರಬೋಧನೆ ಮಾಡುವವರು ಇಲ್ಲಿಗೆ ಬಂದ ಕೂಡಲೇ, ಆ ಸಮಾರಿಯದವನೇ ಇಂದಿನ ಮಿಷನರಿ ಎಂದು ತೀರ್ಮಾನಿಸಿಬಿಡುತ್ತಾರೆ. ನನ್ನ ಆಕ್ಷೇಪ ಇರುವುದು ಈ ತೀರ್ಮಾನಕ್ಕೆ.

ಸಾಮತಿಯನ್ನು ಕೇಳುತ್ತಿದ್ದವನು ಯೆಹೂದ್ಯ ಧರ್ಮಶಾಸ್ತ್ರಿ. ಆ ಕಥೆಯಲ್ಲಿ ಅವನಿಗೆ ಸುಲಭವಾಗಿ ಸಿಗುವ ಜಾಗ ಸಮಾರಿಯದವನದ್ದಲ್ಲ, ನೆಲದ ಮೇಲೆ ಬಿದ್ದವನದ್ದು. ಯಾರನ್ನು ಜೀವಮಾನವಿಡೀ ದೂರವಿಟ್ಟಿದ್ದೇನೋ ಅವನ ಕೈಯಿಂದಲೇ ನೀರು, ಎಣ್ಣೆ, ಹಾಸಿಗೆ ಪಡೆಯಬೇಕಾದರೆ ನನಗೆ ಹೇಗಾದೀತು ಎಂಬುದು ಅವನ ಮುಂದಿದ್ದ ಪ್ರಶ್ನೆ. ಇನ್ನೊಂದು ಸಂಗತಿಯನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಈ ಸಾಮತಿ ಇರುವ ಲೂಕರ ಶುಭಸಂದೇಶದ ಹತ್ತನೆಯ ಅಧ್ಯಾಯವು ಆರಂಭವಾಗುವುದೇ ಶಿಷ್ಯರನ್ನು ಊರೂರಿಗೆ ಕಳುಹಿಸುವ ಪ್ರಸಂಗದಿಂದ. ಹಣದ ಚೀಲ ಬೇಡ, ಜೋಳಿಗೆ ಬೇಡ, ಪಾದರಕ್ಷೆ ಬೇಡ, ಬಡಿಸಿದ್ದನ್ನು ಉಣ್ಣಿರಿ ಎಂದು ಯೇಸು ಅವರಿಗೆ ಹೇಳುತ್ತಾರೆ. ಮಿಷನರಿಯನ್ನು ಬರಿಗೈಯಲ್ಲಿ ಕಳುಹಿಸುವ ಅಧ್ಯಾಯವನ್ನೇ ನಾವು ಮಿಷನರಿಯ ಕೈತುಂಬ ಎಣ್ಣೆ, ಹಣ, ಸವಾರಿ ಕೊಟ್ಟು ಓದುತ್ತಿದ್ದೇವೆ.

ಬಳ್ಳಾರಿಯವರಾದ ನಮಗೆ ಇದು ಬೇಗ ಅರ್ಥವಾಗಬೇಕು, ಏಕೆಂದರೆ ನಮ್ಮ ಊರೇ ಒಂದು ಕಾಲಕ್ಕೆ ಯಾರಿಗೋ ಪರದೇಶವಾಗಿತ್ತು. ನಿಜಾಮರಿಂದ ಈ ಸೀಮೆ ಕಂಪನಿಯ ಕೈಗೆ ಬಂದದ್ದು 1800ರಲ್ಲಿ. ಹತ್ತು ವರ್ಷಗಳ ನಂತರ, 1810ರಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದರು. ಅವರು ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತಂದದ್ದು, ಅವರ ಜೊತೆಗಾರ ವಿಲಿಯಂ ರೀವ್ ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಪ್ರಕಟವಾದದ್ದು ಚರಿತ್ರೆಯ ಪುಸ್ತಕಗಳಲ್ಲಿದೆ. ಪುಸ್ತಕದಲ್ಲಿ ಇಲ್ಲದ್ದನ್ನು ನಾವೇ ಊಹಿಸಿಕೊಳ್ಳಬೇಕು. ಬಳ್ಳಾರಿಯ ಏಪ್ರಿಲ್ ತಿಂಗಳ ಬಿಸಿಲಿಗೆ ಸಿಕ್ಕ ಆ ಇಂಗ್ಲಿಷರಿಗೆ ನೀರು ಸೇದಿ ಕೊಟ್ಟವರು ಯಾರು, ಅಲ್ಪಪ್ರಾಣ–ಮಹಾಪ್ರಾಣ ಕೂಡ ಸರಿಯಾಗಿ ಹೊರಡದ ನಾಲಿಗೆಯನ್ನು ನಗದೆ ಸಹಿಸಿಕೊಂಡು ಪಾಠ ಹೇಳಿದ ಪಂಡಿತರು ಯಾರು, ಜ್ವರ ಬಂದು ಮಲಗಿದ್ದಾಗ ಬಾಗಿಲಲ್ಲಿ ಕಾದು ಕುಳಿತವರು ಯಾರು? ಪರಭಾಷೆಯನ್ನು ಮೊದಲಿನಿಂದ ಕಲಿಯುವ ಐವತ್ತು ವರ್ಷದ ಪ್ರಾಯಸ್ಥನನ್ನು ಎಂಟು ವರ್ಷದ ಹುಡುಗನೂ ತಿದ್ದಬಲ್ಲ. ಆ ತಿದ್ದುಪಡಿಯಲ್ಲಿ ದಯೆ ಇಲ್ಲದಿದ್ದರೆ ಯಾವ ಮಿಷನರಿಯೂ ಯಾವ ಊರಲ್ಲೂ ಒಂದು ಮಳೆಗಾಲ ದಾಟುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈಗ ದಾರಿ ತಿರುಗಿದೆ. ನಮ್ಮ ಕಡೆಯ ಹೆಣ್ಣುಮಕ್ಕಳು ಧರ್ಮಭಗಿನಿಯರಾಗಿ ಆಫ್ರಿಕಾಕ್ಕೆ ಹೋಗುತ್ತಿದ್ದಾರೆ. ನನ್ನ ಚಿಕ್ಕಮ್ಮ ಅವರಲ್ಲಿ ಒಬ್ಬರು. ನರ್ಸಿಂಗ್ ಓದಿದ ಅವರು ತಾಂಜಾನಿಯಾದ ಒಂದು ಹಳ್ಳಿಯ ಚಿಕಿತ್ಸಾಲಯದಲ್ಲಿ ಹಲವು ವರ್ಷ ಕೆಲಸ ಮಾಡಿದರು. ರಜೆಗೆ ಬಂದಾಗ ನಮ್ಮ ಜನ ಅವರನ್ನು ಕೇಳುತ್ತಿದ್ದದ್ದು, ದಿನಕ್ಕೆ ಎಷ್ಟು ರೋಗಿಗಳನ್ನು ನೋಡುತ್ತೀರಿ, ಎಷ್ಟು ಹೆರಿಗೆ ಮಾಡಿಸಿದ್ದೀರಿ ಎಂಬ ಲೆಕ್ಕಗಳನ್ನೇ. ಅವರು ಲೆಕ್ಕ ಹೇಳುತ್ತಿದ್ದರು. ಆದರೆ ಅವರು ತಾವಾಗಿ ಹೇಳುತ್ತಿದ್ದ ಕಥೆಯೇ ಬೇರೆ.

ಅಲ್ಲಿಗೆ ಹೋದ ಮೊದಲ ವರ್ಷವೇ ಅವರಿಗೆ ಮಲೇರಿಯಾ ಬಂದಿತ್ತು. ಜೊತೆಯ ಸಿಸ್ಟರ್ ಔಷಧಿ ತರಲು ಪಟ್ಟಣಕ್ಕೆ ಹೋಗಿದ್ದರು. ಎರಡನೆಯ ದಿನ ಬೆಳಿಗ್ಗೆ ಕಣ್ಣು ಬಿಟ್ಟಾಗ ಬಾಗಿಲ ಬಳಿ ನೀರು ತುಂಬಿದ ಹಳದಿ ಪ್ಲಾಸ್ಟಿಕ್ ಬಕೆಟ್ ಇತ್ತು. ದೂರದಿಂದ ತಲೆಯ ಮೇಲೆ ಹೊತ್ತು ತರುವಾಗ ನೀರು ತುಳುಕದಿರಲೆಂದು ಅದರ ಮೇಲೆ ಎಲೆಗಳಿರುವ ಒಂದು ಚಿಕ್ಕ ರೆಂಬೆಯನ್ನು ತೇಲಬಿಟ್ಟಿದ್ದರು. ತಂದ ಮುದುಕಿ ಹೊರಗೆ ಕಟ್ಟೆಯ ಮೇಲೆ ಕುಳಿತು ಸೊಪ್ಪು ಸೋಸುತ್ತಿದ್ದಳು. ಮಧ್ಯಾಹ್ನ ಅವಳೇ ಮೆಕ್ಕೆಜೋಳದ ಹಿಟ್ಟಿನ ಉಗಾಲಿ ಮಾಡಿ ತಂದಳು. ಉಗಾಲಿಯೆಂದರೆ ನಮ್ಮ ಸಂಗಟಿಯ ಅಕ್ಕನಂಥದ್ದು. ಅದು ಕೊಯ್ಲಿಗೆ ಮುಂಚಿನ ತಿಂಗಳು, ಅವಳ ಮನೆಯ ಕಣಜದಲ್ಲೇ ಕಾಳು ತಳ ಕಂಡಿದ್ದ ಕಾಲ. ಚಿಕ್ಕಮ್ಮನಿಗೆ ಆ ಭಾಷೆಯಲ್ಲಿ ಬೇಡ ಎನ್ನುವುದಕ್ಕೂ ಸರಿಯಾಗಿ ಬರುತ್ತಿರಲಿಲ್ಲ, ಆದ್ದರಿಂದ ಉಂಡರು.

ಇದಾದ ಮೇಲೆ ತಮ್ಮ ಕೆಲಸದಲ್ಲಿ ಒಂದು ಬದಲಾವಣೆ ಆಯಿತೆಂದು ಅವರು ಹೇಳುತ್ತಿದ್ದರು. ಮಗುವಿಗೆ ಜ್ವರ ಏರಿ ಮೂರು ದಿನವಾದ ಮೇಲೆ ಎತ್ತಿಕೊಂಡು ಬರುವ ತಾಯಂದಿರನ್ನು ಅವರು ಮೊದಲು ಬಾಗಿಲಲ್ಲೇ ಗದರುತ್ತಿದ್ದರಂತೆ: ನಿನ್ನೆ ಏಕೆ ಬರಲಿಲ್ಲ, ಮೊನ್ನೆ ಏಕೆ ಬರಲಿಲ್ಲ? ತಾವೇ ಎರಡು ದಿನ ಮೇಲೇಳಲಾಗದೆ ಮಲಗಿದ್ದಾಗ ಆ ಮುದುಕಿ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಸೊಳ್ಳೆಪರದೆ ಕಟ್ಟಿಕೊಂಡಿದ್ದೆಯಾ ಎಂದೂ ಕೇಳಲಿಲ್ಲ. ಅಂದಿನಿಂದ ಚಿಕ್ಕಮ್ಮ ಮೊದಲು ಮಗುವನ್ನು ಎತ್ತಿಕೊಳ್ಳುವುದು, ಪ್ರಶ್ನೆಗಳನ್ನು ಔಷಧಿ ಕೊಟ್ಟ ಮೇಲೆ ಕೇಳುವುದು ಎಂದು ಮಾಡಿಕೊಂಡರು. ಕರುಣೆಯ ಬಗ್ಗೆ ನಾನು ಕೇಳಿದ ಪ್ರಬೋಧನೆಗಳಲ್ಲಿ ಇಷ್ಟು ಉಪಯುಕ್ತವಾದದ್ದು ಕಡಿಮೆ. ನಮ್ಮ ಜಿಲ್ಲೆಗಳ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಸಾಲು ನಿಂತವರಿಗೆ ಆ ಗದರಿಕೆ ಎಂಥದ್ದೆಂದು ನಾನು ವಿವರಿಸಬೇಕಾಗಿಲ್ಲ.

ಈ ಕ್ರಮ ಹೊಸದೇನೂ ಅಲ್ಲ. ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ ಕೊನೆಯ ಎರಡು ಅಧ್ಯಾಯಗಳಲ್ಲಿ, ಹಡಗು ಒಡೆದು 276 ಜನ ಈಜಿ, ಹಲಗೆ ಹಿಡಿದು ಮಾಲ್ಟಾ ದ್ವೀಪದ ದಡ ಸೇರುತ್ತಾರೆ. ಅವರಲ್ಲಿ ಕೈದಿಯಾಗಿದ್ದ ಸಂತ ಪೌಲರೂ ಒಬ್ಬರು. ಮಳೆ ಸುರಿಯುತ್ತಿತ್ತು, ಚಳಿ ಇತ್ತು. ಕ್ರಿಸ್ತನ ಹೆಸರನ್ನೇ ಕೇಳಿರದ ದ್ವೀಪದ ಜನ ಬೆಂಕಿ ಹೊತ್ತಿಸಿ ಎಲ್ಲರನ್ನೂ ಹತ್ತಿರ ಕರೆದರು. ಜಗತ್ತಿನ ಅತಿ ದೊಡ್ಡ ಮಿಷನರಿ ಒದ್ದೆ ಬಟ್ಟೆಯಲ್ಲಿ ಅನ್ಯರ ಬೆಂಕಿಗೆ ಕೈ ಕಾಯಿಸಿಕೊಂಡರು, ತಾವೂ ಒಂದು ಹೊರೆ ಪುಳ್ಳೆ ಆರಿಸಿ ತಂದರು. ದ್ವೀಪದ ಮುಖಂಡ ಪುಬ್ಲಿಯನ ತಂದೆಯನ್ನು ಅವರು ಗುಣಪಡಿಸಿದ್ದು ಅದಾದ ಮೇಲೆ, ಅವನ ಮನೆಯಲ್ಲಿ ಮೂರು ದಿನದ ಅತಿಥಿಯಾಗಿದ್ದಾಗ. ಮೊದಲು ಪಡೆದರು, ನಂತರ ಕೊಟ್ಟರು.

ಇಲ್ಲಿ ಯಾರಾದರೂ, ಇದೆಲ್ಲ ಚೆಂದದ ಮಾತು, ಆದರೆ ಮಿಷನರಿಗಳ ಬೆನ್ನ ಹಿಂದೆ ಸರ್ಕಾರವೂ ಹಣವೂ ಇರಲಿಲ್ಲವೇ ಎಂದು ಕೇಳಬಹುದು. ಇತ್ತು, ಮತ್ತು ಕರುಣೆ ಕೆಡುವುದೂ ಅಲ್ಲಿಯೇ. 1876ರಿಂದ 1878ರವರೆಗಿನ ಬರ, ನಮ್ಮ ಹಿರಿಯರು ಧಾತು, ಈಶ್ವರ ಸಂವತ್ಸರಗಳ ಹೆಸರಿನಿಂದ ನೆನೆಯುತ್ತಿದ್ದ ಬರ, ಬಳ್ಳಾರಿ ಜಿಲ್ಲೆಯನ್ನು ಬರಿದು ಮಾಡಿತು. ಅಂಥ ಕಾಲದಲ್ಲಿ ಒಂದು ಸೇರು ಜೋಳ ಕೊಡುವವನು ಏನನ್ನು ಬೇಕಾದರೂ ಕೊಳ್ಳಬಲ್ಲ. ಅದೇ ಬರದಲ್ಲಿ, ಅದೇ ಮದರಾಸು ಪ್ರಾಂತ್ಯದ ಒಂಗೋಲಿನಲ್ಲಿ, ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೌ ಬಕಿಂಗ್‌ಹ್ಯಾಂ ಕಾಲುವೆಯ ಒಂದು ಭಾಗವನ್ನು ಗುತ್ತಿಗೆ ಹಿಡಿದು, ಹಸಿದವರಿಗೆ ಅಗೆಯುವ ಕೆಲಸವನ್ನೂ ಕೂಲಿಯನ್ನೂ ಕೊಟ್ಟರು. ಆದರೆ ಪರಿಹಾರದ ಕೆಲಸ ನಡೆಯುತ್ತಿದ್ದ ಕಾಲದಲ್ಲಿ, ಕೇಳಿಕೊಂಡು ಬಂದವರಿಗೂ ದೀಕ್ಷಾಸ್ನಾನ ಕೊಡಲಿಲ್ಲ. 1878ರ ಜುಲೈ 3ರಂದು ಒಂದೇ ದಿನ 2,222 ಜನರಿಗೆ ದೀಕ್ಷಾಸ್ನಾನವಾಯಿತೆಂಬ ಅಂಕಿಯನ್ನು ಜನ ಹೆಮ್ಮೆಯಿಂದ ಎತ್ತಿ ಹೇಳುತ್ತಾರೆ. ಅವರಲ್ಲಿ ಯಾರ ಮನಸ್ಸಿನಲ್ಲಿ ಏನಿತ್ತೆಂದು ನಾವು ಅಳೆಯಲಾರೆವು. ನನಗೆ ಆ ಅಂಕಿಗಿಂತ ಅದಕ್ಕೆ ಹಿಂದಿನ ತಿಂಗಳುಗಳ ನಿರಾಕರಣೆ ದೊಡ್ಡದಾಗಿ ಕಾಣುತ್ತದೆ. ಕೊಡುವ ಕೈ ತನ್ನ ಬಲವನ್ನು ತಾನೇ ಕಟ್ಟಿಹಾಕಿಕೊಂಡ ಉದಾಹರಣೆ ಅದು.

ದೊಡ್ಡ ಬರಗಳಲ್ಲಿ ತೋರಿದ ಕರುಣೆಗೆ ಸ್ಮಾರಕಗಳಾಗುತ್ತವೆ. ಮಿಷನ್ ಕಾಂಪೌಂಡಿನ ಒಳಗೆ ಅಡುಗೆಯವಳ, ಕಾವಲುಗಾರನ ವಿಷಯದಲ್ಲಿ ಅದು ಎಷ್ಟು ಉಳಿಯಿತು ಎಂಬುದನ್ನು ಯಾರೂ ಬರೆದಿಡುವುದಿಲ್ಲ. ಮತ್ತಾಯರ ಶುಭಸಂದೇಶದ ಹದಿನೆಂಟನೆಯ ಅಧ್ಯಾಯದ ಸೇವಕನನ್ನೇ ನೋಡಿ. ತೀರಿಸಲಾಗದ ಹತ್ತು ಸಾವಿರ ತಲೆಂತುಗಳ ಸಾಲವನ್ನು ಒಡೆಯ ಮನ್ನಾ ಮಾಡಿದ ಮೇಲೆ, ಅವನು ಹೊರಗೆ ಬಂದವನೇ ನೂರು ದಿನಾರಿ ಬಾಕಿ ಇದ್ದ ಜೊತೆಯ ಸೇವಕನ ಕುತ್ತಿಗೆ ಹಿಡಿಯುತ್ತಾನೆ. ಪರದೇಶದಲ್ಲಿ ಊರವರ ನೀರು, ಉಗಾಲಿ, ತಾಳ್ಮೆ ಎಲ್ಲವನ್ನೂ ಉಂಡವರು, ಮುಂಗಡ ಕೇಳಿದ ತೋಟದಾಳಿನ ಮುಂದೆ ಲೆಕ್ಕದ ಪುಸ್ತಕ ಬಿಚ್ಚಿ ಕೂರುವುದು ಅಪರೂಪದ ದೃಶ್ಯವಲ್ಲ ಎಂದು ಚಿಕ್ಕಮ್ಮನೇ ಹೇಳಿದ್ದುಂಟು. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಮೂಟೆ ಹೊರಲು ಬಿಹಾರದಿಂದ ಬಂದವರ ಮುಂದೆ ನಾವು ಬಿಚ್ಚುವ ಪುಸ್ತಕವೂ ಬೇರೆಯದಲ್ಲ. ಆ ವಿಷಯ ಇನ್ನೊಂದು ಸಂಚಿಕೆಗೆ ಇರಲಿ.

ಅಕ್ಟೋಬರಿನಲ್ಲಿ ಮಿಷನ್ ಭಾನುವಾರ ಬರುತ್ತದೆ. 1926ರಲ್ಲಿ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು, ಎಂದರೆ ಪೋಪ್, ಆರಂಭಿಸಿದ ಆಚರಣೆ ಇದು. ನಮ್ಮ ಧರ್ಮಕೇಂದ್ರಗಳಲ್ಲಿ ಅಂದು ಪೂಜೆಯ ನಂತರ ಕೋಳಿ, ಕುಂಬಳಕಾಯಿ, ಮನೆಯಲ್ಲಿ ಮಾಡಿ ತಂದ ಹೋಳಿಗೆ ಹರಾಜಾಗುತ್ತವೆ, ಪರದೇಶದಲ್ಲಿರುವವರ ಸೇವೆಯ ವರದಿಯನ್ನು ಓದಲಾಗುತ್ತದೆ. ಆ ವರದಿಯಲ್ಲಿ ಒಂದು ಕಾಲಂ ಸೇರಿಸಬೇಕೆಂಬುದು ನನ್ನ ಬೇಡಿಕೆ. ಈ ವರ್ಷ ಆ ಊರಿನವರಿಂದ ನಮ್ಮವರು ಏನೇನು ಪಡೆದರು, ನೀರು ತಂದವರು ಯಾರು, ಭಾಷೆ ತಿದ್ದಿದವರು ಯಾರು, ಜ್ವರದಲ್ಲಿ ಉಣಿಸಿದವರು ಯಾರು ಎಂಬುದನ್ನು ಹೆಸರು ಸಹಿತ ಬರೆದು ಕಳುಹಿಸಲಿ. ಕಾರ್ಯದರ್ಶಿಯವರು ಆ ಹೆಸರುಗಳನ್ನು, ಉಚ್ಚಾರ ತಪ್ಪಿದರೂ ಸರಿ, ನಿಧಾನವಾಗಿ ಪೂರ್ತಿಯಾಗಿ ಓದಲಿ. ಕೋಳಿಗೆ ಎಷ್ಟು ಬೆಲೆ ಬಂತೆಂಬುದನ್ನು ಆಮೇಲೆ ಹೇಳಿದರೂ ನಡೆಯುತ್ತದೆ.