ನಾಕೌಟ್ ಪಟ್ಟಿ ತುಂಬುವ ಮುನ್ನ

ಕೇಳುಗರಿಗೆ ನಮಸ್ಕಾರ. ವಿಶ್ವಕಪ್ ಫುಟ್‌ಬಾಲ್‌ನ ಗುಂಪು ಹಂತ ಮುಗಿಯುತ್ತಿದ್ದಂತೆ ಗೆಳೆಯರ ಬಳಗದಲ್ಲಿ ನಾಕೌಟ್, ಅಂದರೆ ಸೋತವರು ಹೊರಬೀಳುವ ಸುತ್ತುಗಳಲ್ಲಿ ಯಾರು ಗೆಲ್ಲುತ್ತಾರೆ ಎಂಬ ಊಹೆಯ ಪಟ್ಟಿಗಳು ಓಡಾಡತೊಡಗುತ್ತವೆ. ಹೆಚ್ಚಿನವರು ಮೊದಲ ಪಂದ್ಯದಿಂದ ಬರೆಯುತ್ತಾ ಫೈನಲ್‌ಗೆ ಬರುತ್ತಾರೆ. ಬರೆಯಬೇಕಾದ್ದು ತಿರುಗುಮುರುಗಾಗಿ, ಅಂದರೆ ಕಪ್ ಎತ್ತುವ ತಂಡದಿಂದ. ಯಾಕೆಂದರೆ ಸಾಮಾನ್ಯವಾಗಿ ಸುತ್ತು ಏರಿದಂತೆ ಸರಿಯಾದ ಊಹೆಯ ಅಂಕ ಇಮ್ಮಡಿಯಾಗುತ್ತದೆ: 1, 2, 4, 8. ಹದಿನಾರು ತಂಡಗಳಿದ್ದರೆ, ಮೊದಲ ಸುತ್ತಿನ ಎಂಟೂ ಊಹೆ ಸರಿಯಾದರೂ ಸಿಗುವುದು 8 ಅಂಕ. ಚಾಂಪಿಯನ್ ಒಬ್ಬರನ್ನೇ ಸರಿಯಾಗಿ ಹಿಡಿದರೆ ಅವರ ನಾಲ್ಕು ಗೆಲುವಿಗೆ 15.

ಹಾಗಂತ ಬಲಾಢ್ಯ ತಂಡದ ಹೆಸರು ಬರೆದು ನಿಶ್ಚಿಂತೆಯಿಂದ ಕೂರುವಂತಿಲ್ಲ. ಪ್ರತಿ ಪಂದ್ಯದಲ್ಲೂ ನೂರಕ್ಕೆ 70ರಷ್ಟು ಅವಕಾಶ ಇರುವ ತಂಡವೂ ನಾಲ್ಕು ಸುತ್ತು ದಾಟುವ ಸಾಧ್ಯತೆ ನೂರಕ್ಕೆ 24 ಮಾತ್ರ. 48 ತಂಡಗಳ ಹೊಸ ಮಾದರಿಯಲ್ಲಿ ನಾಕೌಟ್ ಸುತ್ತುಗಳು ಐದು. ಆಗ ಅದು 17ಕ್ಕೆ ಇಳಿಯುತ್ತದೆ. ಈ ಮಾದರಿಯಲ್ಲಿ ಇನ್ನೊಂದು ತೊಡಕಿದೆ. ಹನ್ನೆರಡು ಗುಂಪುಗಳ ಮೂರನೇ ಸ್ಥಾನಿಗಳಲ್ಲಿ ಎಂಟು ತಂಡ ಮುಂದೆ ಹೋಗುತ್ತವೆ. ಯಾವ ಎಂಟು ಗುಂಪಿನವು ಎಂಬುದಕ್ಕೆ 495 ಸಾಧ್ಯತೆ, ಅದಕ್ಕೆ ತಕ್ಕಂತೆ ಎದುರಾಳಿಯೂ ಬದಲಾಗುತ್ತದೆ. ಕೊನೆಯ ಗುಂಪು ಪಂದ್ಯ ಮುಗಿಯುವ ಮೊದಲು ಪಟ್ಟಿ ತುಂಬುವುದು ದಂಡ.

ಜಗಳ ಹುಟ್ಟುವುದು ಮಾತ್ರ ಬೇರೆ ಕಡೆ. ಗೆಲ್ಲುವುದು ಬೇರೆ, ಮುಂದಿನ ಸುತ್ತಿಗೆ ಹೋಗುವುದು ಬೇರೆ. ಶೂಟೌಟ್‌ನಲ್ಲಿ (ಸಮಬಲವಾದಾಗ ಸರದಿಯಂತೆ ಹೊಡೆಯುವ ಪೆನಾಲ್ಟಿಗಳಲ್ಲಿ) ತೀರ್ಮಾನವಾದ ಪಂದ್ಯ ದಾಖಲೆಯಲ್ಲಿ ಡ್ರಾ. 2022ರ ಕ್ರೊವೇಷಿಯಾ ನೋಡಿ: ಸೆಮಿಫೈನಲ್ ತಲುಪುವ ಹೊತ್ತಿಗೆ ಅದರ ದಾಖಲೆಯಲ್ಲಿದ್ದ ಗೆಲುವು ಒಂದೇ, ಕೆನಡಾ ವಿರುದ್ಧ. ಜಪಾನ್, ಬ್ರೆಜಿಲ್ ಎರಡರ ಜತೆಗೂ 1-1, ಆಮೇಲೆ ಪೆನಾಲ್ಟಿ. ಆ ಟೂರ್ನಿಯ 16 ನಾಕೌಟ್ ಪಂದ್ಯಗಳಲ್ಲಿ ಐದು ಶೂಟೌಟ್‌ಗೆ ಹೋದವು, ಫೈನಲ್ ಸೇರಿ. ಹೀಗಿರುವಾಗ ಗೋಲುಗಳನ್ನೂ ಊಹಿಸುವುದಿದ್ದರೆ ಲೆಕ್ಕ ನಿಗದಿತ 90 ನಿಮಿಷದ್ದೋ, ಹೆಚ್ಚುವರಿ ಆಟ ಸೇರಿ 120 ನಿಮಿಷದ್ದೋ ಎಂಬುದನ್ನು ಮೊದಲೇ ಬರೆದಿಡಿ. ಬಾಯಿಮಾತು ಬೇಡ. 90 ನಿಮಿಷಕ್ಕೆ ಆ ಫೈನಲ್ 2-2, 120ಕ್ಕೆ 3-3; ಎರಡೂ ಕಡೆಯವರು ತಮ್ಮದೇ ಸರಿ ಅನ್ನುತ್ತಾರೆ.

ಪಂದ್ಯಕ್ಕೆ ಮುನ್ನ ಹಳದಿ ಕಾರ್ಡ್‌ಗಳ ಪಟ್ಟಿಯನ್ನೂ ನೋಡಬೇಕು. 2010ರಲ್ಲಿ ಅರ್ಜೆಂಟೀನಾ ವಿರುದ್ಧದ ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನಿಯ ಥಾಮಸ್ ಮುಲ್ಲರ್‌ಗೆ ಟೂರ್ನಿಯ ಎರಡನೇ ಹಳದಿ ಕಾರ್ಡ್ ಬಿತ್ತು. ಅದರಿಂದ ಒಂದು ಪಂದ್ಯದ ನಿಷೇಧ, ಸ್ಪೇನ್ ವಿರುದ್ಧದ ಸೆಮಿಫೈನಲ್‌ಗೆ ಅವರಿಲ್ಲ. ಜರ್ಮನಿ 0-1ರಿಂದ ಸೋತಿತು. ಕಾರ್ಡ್‌ಗಳನ್ನು ಯಾವ ಸುತ್ತಿನ ನಂತರ ಅಳಿಸುತ್ತಾರೆ ಎಂಬ ನಿಯಮ ಬದಲಾಗುತ್ತಿರುತ್ತದೆ, ಆಯಾ ಟೂರ್ನಿಯದ್ದನ್ನೇ ಓದಿಕೊಳ್ಳಿ. ಗುಂಪು ಹಂತದ ಒಂದು ಸೋಲಿಗೆ ಮಾತ್ರ ಅಷ್ಟು ಬೆಲೆ ಕೊಡಬೇಡಿ. 2010ರ ಸ್ಪೇನ್ ಸ್ವಿಟ್ಜರ್ಲೆಂಡ್‌ಗೆ, 2022ರ ಅರ್ಜೆಂಟೀನಾ ಸೌದಿ ಅರೇಬಿಯಾಕ್ಕೆ ಮೊದಲ ಪಂದ್ಯವನ್ನೇ ಸೋತಿದ್ದವು. ಎರಡೂ ಕಪ್ ಗೆದ್ದವು.

ಇನ್ನು ಅಭಿಮಾನದ ಮಾತು. ಮೆಚ್ಚಿನ ತಂಡವನ್ನು ಮೆಚ್ಚಿನದು ಅನ್ನೋ ಕಾರಣಕ್ಕೇ ಫೈನಲ್‌ಗೆ ಏರಿಸುವುದು ಅತಿ ಸಾಮಾನ್ಯ ತಪ್ಪು. ಪಟ್ಟಿ ಒಂದು ಕಡೆ ಇರಲಿ, ಮನಸ್ಸು ಇನ್ನೊಂದು ಕಡೆ ಇರಲಿ. ಬರೆದ ತಂಡಕ್ಕೇ ಜೈ ಅನ್ನಬೇಕೆಂಬ ಕಟ್ಟಳೆಯೇನಿಲ್ಲ. ಬಳಗ ಐದಾರು ಜನರದ್ದಾದರೆ ಅತಿ ಬಲಾಢ್ಯ ತಂಡವನ್ನೇ ಬರೆಯಿರಿ. ಐವತ್ತು ಜನ ಇದ್ದರೆ ಅದನ್ನೇ ಹದಿನೈದು ಮಂದಿ ಬರೆದಿರುತ್ತಾರೆ, ಗೆದ್ದರೂ ನೀವು ಗುಂಪಿನಲ್ಲಿ ಗೋವಿಂದ. ಅಲ್ಲಿ ಎರಡನೆಯದೋ ಮೂರನೆಯದೋ ಮೇಲು.

ಅಂಕ ಸಮವಾದಾಗ ನಿರ್ಣಯಕ್ಕೆ ‘ಫೈನಲ್‌ನ ಮೊದಲ ಗೋಲು ಯಾರದು?’ ಎಂಬ ಪ್ರಶ್ನೆ ಇಡುವವರಿದ್ದಾರೆ. 2018ರ ಫೈನಲ್‌ನ ಮೊದಲ ಗೋಲು ಕ್ರೊವೇಷಿಯಾದ ಮಾಂಜುಕಿಚ್ ತಮ್ಮದೇ ಬಲೆಗೆ ಹೊಡೆದದ್ದು. ಅದಕ್ಕಿಂತ, ಎಷ್ಟನೇ ನಿಮಿಷ ಎಂದು ಕೇಳಿ.