ತೆಂಕರಾ: ದಾರ ಹರಿಯಲಿ, ಕೋಲು ಉಳಿಯಲಿ

ಕೇಳುಗ ಬಂಧುಗಳಿಗೆ ನಮಸ್ಕಾರ.

ಭಾನುವಾರ ಬಂತೆಂದರೆ ಊರ ಕೆರೆಯ ಏರಿ ಮೇಲೋ ವರದಾ ಹೊಳೆಯ ದಂಡೆಯಲ್ಲೋ ಬಿದಿರಿನ ಗಾಳ ಹಿಡಿದು ಕೂರುವವರು ಈ ಭಾಗದಲ್ಲಿ ಬಹಳ ಜನ ಇದ್ದೀರಿ. ತಂಗೂಸಿ ದಾರ, ಜೋಳದ ದಂಟಿನ ಬೆಂಡು, ತೆಂಗಿನ ಕರಟದಲ್ಲಿ ಎರೆಹುಳ. ಇವತ್ತಿನ ಮಾತು ನಿಮಗಾಗಿಯೇ.

ತೆಂಕರಾ ಅಂದ ಕೂಡಲೇ ನಮ್ಮ ತೆಂಕಣ ದಿಕ್ಕು ನೆನಪಾಗುತ್ತದೆ, ಅಲ್ವಾ? ಅದಲ್ಲ. ಇದು ಜಪಾನಿನ ಮಾತು. ಅಲ್ಲಿನ ಬೆಟ್ಟದ ಹಳ್ಳಗಳಲ್ಲಿ ಯಮಾಮೆ, ಇವಾನಾ ಎಂಬ ಮೀನು ಹಿಡಿದು ಜೀವನ ಮಾಡುತ್ತಿದ್ದ ಬಡವರ ಗಾಳ ಇದು. 2009ರಿಂದೀಚೆಗೆ ಅಮೆರಿಕಕ್ಕೂ ಹೋಗಿ ಹೆಸರು ಮಾಡಿದೆ. ಕೋಲು, ದಾರ, ಕೊನೆಯಲ್ಲಿ ಗರಿ ಸುತ್ತಿದ ಒಂದು ಕೊಕ್ಕೆ. ಇಷ್ಟೇ. ರೀಲು ಇಲ್ಲ. ಬೆಂಡಿಲ್ಲ, ಹುಳ ಇಲ್ಲ. ರೀಲು ಎಲ್ಲಿ ಅಂತ ನನ್ನನ್ನು ಕೇಳದವರಿಲ್ಲ. ರೀಲು ಇಲ್ಲದಿರುವುದೇ ತೆಂಕರಾ. ನಿಮ್ಮ ಬಿದಿರಿನ ಗಾಳಕ್ಕೆ ರೀಲು ಇದೆಯಾ?

ಹಿಂದೆ ಅಲ್ಲಿಯೂ ಬಿದಿರೇ ಇತ್ತು. ಈಗ ಕಾರ್ಬನ್ ಫೈಬರ್. ಒಂದರೊಳಗೊಂದು ಸೇರುವ ಕೊಳವೆಗಳು. ಮಡಿಸಿದರೆ ಒಂದು ಮೊಳದಷ್ಟು, ಬ್ಯಾಗಿನಲ್ಲಿ ಕೂರುತ್ತದೆ. ಬಿಚ್ಚಿದರೆ ಎರಡಾಳುದ್ದ.

ಮೊದಲ ಕೋಲು ಎಷ್ಟುದ್ದ ಇರಬೇಕು? 3.6 ಮೀಟರ್, ಅಂದರೆ ಹನ್ನೆರಡು ಅಡಿ. ಜಾಸ್ತಿ ಯೋಚನೆ ಬೇಡ. ಗಿಡಗಂಟಿ ಮುತ್ತಿಕೊಂಡ ಹಳ್ಳಕ್ಕೆ ಇದಕ್ಕಿಂತ ಗಿಡ್ಡದು, ಬಯಲು ಹೊಳೆಗೆ ಉದ್ದದ್ದು ಅಂತ ಆಮೇಲೆ ನೀವೇ ಕಂಡುಕೊಳ್ಳುತ್ತೀರಿ. ಕೋಲಿನ ಮೇಲೆ 6:4, 7:3 ಎಂದು ಬರೆದಿರುತ್ತದೆ. ಕೋಲನ್ನು ಹತ್ತು ಪಾಲು ಮಾಡಿದರೆ ಬುಡದ ಆರು ಪಾಲು ಗಟ್ಟಿ, ತುದಿಯ ನಾಲ್ಕು ಬಾಗುತ್ತದೆ ಅಂತ ಅದರರ್ಥ. ಹೊಸಬರು 6:4 ತಗೊಳ್ಳಿ. ತೂಕ ನೂರು ಗ್ರಾಮಿನೊಳಗೆ ಇರಲಿ. ಅಂಗಡಿಯಲ್ಲಿ ಸುಮ್ನೆ ಮಡಿಸಿದ ಕೋಲು ನೋಡಿ ದುಡ್ಡು ಕೊಡಬೇಡಿ. ಹೊರಗೆ ತಂದು ಪೂರ್ತಿ ಬಿಚ್ಚಿ, ಐದು ನಿಮಿಷ ಒಂದೇ ಕೈಯಲ್ಲಿ ಹಿಡಿದು ಆಡಿಸಿ. ಮುಂದಕ್ಕೆ ವಾಲಿ ಮಣಿಕಟ್ಟು ಜಗ್ಗಿದರೆ ಆ ಕೋಲು ಬೇಡ.

ಈಗ ನಾನು ಹೇಳಲೇಬೇಕಾದ ಮಾತು. ದಾರ ಎರಡು ಥರ ಇರುತ್ತದೆ. ಕೋಲಿನ ತುದಿಯಲ್ಲಿ ಲಿಲಿಯನ್ ಎಂಬ ಸಣ್ಣ ಹೆಣೆದ ದಾರದ ತುಂಡಿರುತ್ತದೆ. ಅದಕ್ಕೆ ಕಟ್ಟುವುದು ಮುಖ್ಯ ದಾರ, ಕೋಲಿನಷ್ಟೇ ಉದ್ದ, ಕಣ್ಣಿಗೆ ಕಾಣುವ ಹಳದಿ ಇಲ್ಲವೇ ಕೇಸರಿ ಬಣ್ಣದ್ದು. ಅದರ ಕೊನೆಗೆ ಒಂದು ಮೀಟರ್ ತೆಳು ದಾರ, ಟಿಪ್ಪೆಟ್. ಇದು 5ಎಕ್ಸ್, ಅಂದರೆ 0.15 ಮಿಲಿಮೀಟರ್ ದಪ್ಪ. ಅದಕ್ಕಿಂತ ದಪ್ಪ ಬೇಡ. ಯಾಕೆಂದರೆ ಎಲ್ಲಕ್ಕಿಂತ ಮೊದಲು ಈ ದಾರವೇ ಹರಿಯಬೇಕು. ದಾರ ಹರಿಯಲಿ, ಕೋಲು ಉಳಿಯಲಿ.

ಇದನ್ನು ನನಗೆ ಕಲಿಸಿದ್ದು ಜಪಾನಿನವರಲ್ಲ. ಹಾವೇರಿ ತಾಲ್ಲೂಕಿನ ಒಬ್ಬ ಅಜ್ಜ.

ಡಿಸೆಂಬರ್ ತಿಂಗಳು. ವರದೆಯ ಕೆಂಪು ನೀರು ಇಳಿದು ತಿಳಿಯಾಗಿತ್ತು, ತಳದ ಕಲ್ಲು ಕಾಣುತ್ತಿತ್ತು. ಹೊಸ ಕೋಲು ತಂದು ನನಗೆ ಎರಡೇ ವಾರ. ತೆಳು ದಾರ ಮುಗಿದಿತ್ತು, ಊರಿನ ಅಂಗಡಿಯ ದಪ್ಪ ತಂಗೂಸಿಯನ್ನೇ ಕಟ್ಟಿದ್ದೆ. ಗಟ್ಟಿ ಇದ್ದರೆ ಒಳ್ಳೆಯದೇ ಅಲ್ಲವೇ ಅಂದುಕೊಂಡಿದ್ದೆ. ಹತ್ತು ಮಾರು ಆಚೆ ಬಂಡೆಯ ಮೇಲೆ ಅಜ್ಜ ಕೂತಿದ್ದರು. ತಲೆಗೆ ಟವೆಲ್ಲು, ಪಕ್ಕದಲ್ಲಿ ಎಲೆಯಡಿಕೆ ಚೀಲ, ಕೈಯಲ್ಲಿ ಬಿದಿರು. ನನ್ನ ಕೊಕ್ಕೆ ಎರಡು ಕಲ್ಲಿನ ನಡುವಿನ ಸೆಳವಿಗೆ ಬಿತ್ತು. ಹಿಡಿಯಿತು ನೋಡಿ ಒಂದು ಗೆಂಡೆ! ಕೋಲು ಬಿಲ್ಲಿನಂತೆ ಬಾಗಿತು. ನಾನು ಎದ್ದು ನಿಂತು ಕೋಲನ್ನು ತಲೆಯ ಹಿಂದಕ್ಕೆ ಎಳೆದೆ. ಚಟ್ ಅಂತು. ತುದಿಯಿಂದ ಎರಡನೆಯ ಕೊಳವೆ ತುಂಡಾಗಿ ದಾರದಲ್ಲಿ ನೇತಾಡುತ್ತಿತ್ತು. ದಾರಕ್ಕೆ ಏನೂ ಆಗಿರಲಿಲ್ಲ.

ಅಜ್ಜ ನಿಧಾನಕ್ಕೆ ಬಂದು ಕೂತರು. "ತಮ್ಮಾ, ಎಷ್ಟ್ ಕೊಟ್ಟಿ ಆ ಕೋಲಿಗೆ?" ಹೇಳಿದೆ. "ಮತ್ತ ದಾರಕ್ಕ?" "ಅದೇನಜ್ಜಾ, ಹತ್ತಿಪ್ಪತ್ತು ರೂಪಾಯಿ." "ಹಂಗಿದ್ರ ಎರಡರಾಗ ಯಾವ್ದು ಹರೀಬೇಕು?" ನನಗೆ ಮಾತು ಹೊರಡಲಿಲ್ಲ. ಅವರು ತಮ್ಮ ಗಾಳ ಎತ್ತಿ ತೋರಿಸಿದರು. ಮೇಲೆಲ್ಲ ದಪ್ಪ ದಾರ. ಕೊಕ್ಕೆಯ ಹತ್ತಿರ ಮಾತ್ರ ಒಂದು ಗೇಣು ಕೂದಲಿನಂಥ ದಾರ. ಅದನ್ನು ಬೆರಳಿಗೆ ಎರಡು ಸುತ್ತು ಸುತ್ತಿ ಜಗ್ಗಿದರು. ಪಟ್ಟನೆ ಹರಿಯಿತು, ಬೆರಳ ಮೇಲೆ ಬಿಳಿ ಗೆರೆ ಉಳಿಯಿತು. "ಇಲ್ಲೇ ಹರೀಬೇಕ ನೋಡು. ದೊಡ್ಡ ಮೀನ ಬಂದ್ರ ಹೋಗ್ಲಿ, ಅದ್ರ ಹೊಳಿ ಅದಕ್ಕ." ಆಮೇಲೆ ಆ ದಾರವನ್ನು ತುಟಿಯಲ್ಲಿ ಒದ್ದೆ ಮಾಡಿ, ಮತ್ತೆ ಗಂಟು ಹಾಕಿ, ತಮ್ಮ ಬಂಡೆಗೆ ವಾಪಸ್ ಹೋದರು. ಜಪಾನಿನವರು ಹೇಳುವುದೂ ಇದನ್ನೇ. ಗಂಟು ಬಿಗಿಯುವ ಮೊದಲು ದಾರ ಒದ್ದೆ ಮಾಡಬೇಕು ಅನ್ನುವುದನ್ನೂ ಸೇರಿಸಿ.

ನನ್ನ ಸಮಯ ಓಡುತ್ತಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಬೀಸುವುದು ಸುಲಭ. ತೋರುಬೆರಳು ಹಿಡಿಯ ಮೇಲಿರಲಿ, ಮೊಣಕೈ ಮೈಗೆ ಹತ್ತಿರ ಇರಲಿ. ಕೋಲನ್ನು ಕಿವಿಯ ತನಕ ಎತ್ತಿ ನಿಲ್ಲಿಸಿ, ಮುಂದಕ್ಕೆ ತಂದು ಮತ್ತೆ ನಿಲ್ಲಿಸಿ. ಬಲ ಬೇಡ. ನಿಲ್ಲಿಸಿದರೆ ದಾರ ತಾನೇ ಬಿಚ್ಚಿಕೊಂಡು ಹೋಗುತ್ತದೆ. ಕೊಕ್ಕೆ ಮತ್ತು ತೆಳು ದಾರದ ತುದಿ ಮಾತ್ರ ನೀರಲ್ಲಿರಲಿ, ಬಣ್ಣದ ದಾರ ಗಾಳಿಯಲ್ಲೇ ಇರಲಿ. ದಾರ ತಡೆದಂತೆ ಕಂಡರೆ ಮೀನು ಕಚ್ಚಿರಬಹುದು, ಮಣಿಕಟ್ಟು ಮೆಲ್ಲಗೆ ಎತ್ತಿ, ಸಾಕು.

ಕೊಕ್ಕೆಗೆ ಅವರು ಕೆಬಾರಿ ಅನ್ನುತ್ತಾರೆ. ಹಲವು ಕೆಬಾರಿಗಳಲ್ಲಿ ಗರಿ ಮುಂದಕ್ಕೆ ಬಾಗಿರುತ್ತದೆ, ಹರಿವ ನೀರಲ್ಲಿ ಕೊಡೆಯಂತೆ ಬಿಚ್ಚಿ ಮುಚ್ಚುತ್ತದೆ. ಮೀನಿಗೆ ಅದು ಜೀವ ಇರುವ ಹುಳ. ಜವಾರಿ ಕೋಳಿಯ ಕತ್ತಿನ ಗರಿ, ಟೇಲರ್ ಅಂಗಡಿಯ ಕಪ್ಪು ದಾರ, ಇಷ್ಟಿದ್ದರೆ ಮನೆಯಲ್ಲೇ ಕಟ್ಟಬಹುದು. ಕೊಕ್ಕೆಯ ಒಳಮುಳ್ಳನ್ನು ಪಕ್ಕಡದಿಂದ ಒತ್ತಿ ಹಾಕಿ. ಚಿಕ್ಕ ಮೀನನ್ನು ಹೆಚ್ಚು ಗಾಯವಾಗದಂತೆ ಬಿಡಬಹುದು. ಕಾಟ್ಲಾ, ರೋಹು ಹಿಡಿಯುವ ಆಸೆ ಇದ್ದರೆ ಈ ಕೋಲು ಬೇಡ. ಗೇಣುದ್ದದ ಮೀನಿನ ಕೋಲು ಇದು.

ಕೋಲು ಬಿಚ್ಚುವಾಗ ತುದಿಯಿಂದ, ಮಡಿಸುವಾಗ ಬುಡದಿಂದ. ಕೊಕ್ಕೆ ಕಲ್ಲಿಗೆ ಸಿಕ್ಕಿದರೆ ಕೋಲಿನಿಂದ ಜಗ್ಗಬೇಡಿ. ದಾರವನ್ನೇ ಕೈಯಲ್ಲಿ ಹಿಡಿದು ಎಳೆಯಿರಿ. ಹರಿಯಲಿ ಬಿಡಿ, ಹರಿಯುವುದಕ್ಕೇ ಕಟ್ಟಿದ ದಾರ ಅದು. ಮನೆಗೆ ಬಂದ ಮೇಲೆ ಬುಡದ ಮುಚ್ಚಳ ತೆಗೆದು ಕೊಳವೆಗಳನ್ನು ನೆರಳಲ್ಲಿ ಒಣಗಿಸಿ.

ಇನ್ನೊಂದು ಮಾತು, ದಯವಿಟ್ಟು ಗಮನ ಕೊಟ್ಟು ಕೇಳಿ. ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ. ಹೊಲದ ಪಂಪ್‌ಸೆಟ್ಟಿಗೆ ಎಳೆದ ತಂತಿ ನಮ್ಮ ಹಳ್ಳದ ದಂಡೆಯ ಮೇಲೆಲ್ಲ ಜೋಲು ಬಿದ್ದಿರುತ್ತದೆ. ತಂತಿಯ ಕೆಳಗೆ ಕೋಲು ಬಿಚ್ಚಲೇಬೇಡಿ. ಗುಡುಗು ಕೇಳಿದರೆ ಕೋಲು ಮಡಿಸಿ ಮನೆಗೆ ಹೊರಡಿ. ಮೀನು ನಾಳೆಯೂ ಇರುತ್ತದೆ.

ಕೆರೆ ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆದಾರರನ್ನು ಕೇಳಿಯೇ ಗಾಳ ಹಾಕಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ, ಅಲ್ಲಿಗೆ ಗಾಳ ಒಯ್ಯಬೇಡಿ. ಬೇರೆ ಕಡೆಯೂ ಹರಿದ ದಾರದ ತುಂಡನ್ನು ದಂಡೆಯಲ್ಲಿ ಎಸೆದು ಬರಬೇಡಿ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ನಾನು ಅದಕ್ಕೆಂದೇ ಒಂದು ಖಾಲಿ ಸುಣ್ಣದ ಡಬ್ಬಿ ಜೇಬಲ್ಲಿ ಇಟ್ಟುಕೊಂಡಿರುತ್ತೇನೆ. ನೀವೂ ಒಂದು ಇಟ್ಟುಕೊಳ್ಳಿ. ನಮಸ್ಕಾರ.