ತೀರ್ಪು ಬಂದ ಮಾರನೇ ದಿನ

ನಮಸ್ಕಾರ ಕೇಳುಗರೇ. ಕೋರ್ಟು ಕಥೆ ಅಂದ್ರೆ ನಮ್ಗೆಲ್ಲ ಒಂದು ಲೆಕ್ಕ ಇರುತ್ತೆ, ಕೊಲೆ ಆಗುತ್ತೆ, ಲಾಯರ್‌ಗಳು ಕಿತ್ತಾಡ್ತಾರೆ, ಕೊನೇಲಿ ತೀರ್ಪು, ನಾವು ಎದ್ದು ಕಾಫಿಗೆ ಹೋಗ್ತೀವಿ. ಇವತ್ತಿನ ಕೇಸಲ್ಲಿ ಹಂಗಿಲ್ಲ. ತೀರ್ಪು ಬಂದ್ಮೇಲೇನೇ ನಂಗೆ ಎದೆ ಹೊಡ್ಕೊಳ್ಳೋಕೆ ಶುರುವಾಗಿದ್ದು.

ಅಮೆರಿಕಾದ ನ್ಯೂ ಆರ್ಲಿಯನ್ಸ್, 1890. ಇಟಲಿಯ ಸಿಸಿಲಿಯಿಂದ ಹಡಗು ಹತ್ತಿ ಬಂದವರು ಅಲ್ಲಿ ಸಾವಿರಗಟ್ಟಲೆ. ಅವರಲ್ಲಿ ಪ್ರೊವೆಂಜಾನೋ ಅಂತ ಒಂದು ಮನೆತನ, ಮಟ್ರಾಂಗ ಅಂತ ಇನ್ನೊಂದು, ಎರಡಕ್ಕೂ ಹಾವು ಮುಂಗುಸಿ. ಹೆಣ್ಣು, ಹೊನ್ನು, ಮಣ್ಣು ಯಾವುದಕ್ಕೂ ಅಲ್ಲ ಸ್ವಾಮಿ, ಹಣ್ಣಿಗೆ! ಬಂದರಿಗೆ ಬರೋ ಹಡಗುಗಳಿಂದ ಹಣ್ಣು ಇಳಿಸೋ ಕಾಂಟ್ರಾಕ್ಟು ಮೊದ್ಲು ಪ್ರೊವೆಂಜಾನೋಗಳ ಕೈಲಿತ್ತು, ಆಮೇಲೆ ಮಟ್ರಾಂಗದವರ ಪಾಲಾಯ್ತು. ಮೇ ತಿಂಗಳ ಒಂದು ರಾತ್ರಿ ಕೆಲ್ಸ ಮುಗ್ಸಿ ಗಾಡೀಲಿ ಮನೆಗೆ ಹೋಗ್ತಿದ್ದ ಮಟ್ರಾಂಗ ಕಡೆಯವರ ಮೇಲೆ ಗುಂಡು ಬಿತ್ತು, ಒಬ್ಬನ ಕಾಲೇ ಹೋಯ್ತು. ಪ್ರೊವೆಂಜಾನೋಗಳಿಗೆ ಶಿಕ್ಷೆ ಆಯ್ತು, ಆದ್ರೆ ಮರುವಿಚಾರಣೆಗೆ ಆರ್ಡರ್ ಬಂತು, ಪೊಲೀಸ್ ಮುಖ್ಯಸ್ಥ ಡೇವಿಡ್ ಹೆನ್ನೆಸಿ ಪ್ರೊವೆಂಜಾನೋಗಳ ಪರ ಸಾಕ್ಷಿ ಹೇಳ್ತಾನಂತೆ ಅಂತ ಊರೆಲ್ಲ ಗುಸುಗುಸು.

ಅಕ್ಟೋಬರ್ 15ರ ರಾತ್ರಿ ಹೆನ್ನೆಸಿ ಮನೆಗೆ ನಡ್ಕೊಂಡು ಹೋಗ್ತಿದ್ದಾಗ ಕತ್ತಲಲ್ಲಿ ಬಂದೂಕು ಸಿಡೀತು. ಮಾರನೇ ದಿನ ಸತ್ತ. ಊರಲ್ಲಿ ಇಟಲಿಯವ್ರು ಅಂತ ಕಂಡವರನ್ನೆಲ್ಲ ಹಿಡಿದು ಹಾಕಿದ್ರು, ಕೊನೆಗೆ 19 ಜನರ ಮೇಲೆ ಕೇಸು, ಮೊದಲ ಕಂತಲ್ಲಿ ಒಂಬತ್ತು ಜನರ ವಿಚಾರಣೆ. ಅದರಲ್ಲೊಬ್ಬ 14 ವರ್ಷದ ಹುಡುಗ, ಹೆನ್ನೆಸಿ ಬರ್ತಿದಾನೆ ಅಂತ ಸಿಳ್ಳೆ ಹೊಡೆದು ಸನ್ನೆ ಕೊಟ್ಟ ಅನ್ನೋದೇ ಅವನ ಮೇಲಿನ ಆರೋಪ. ಸಿಳ್ಳೆ!

1891ರ ಮಾರ್ಚ್ 13ಕ್ಕೆ ತೀರ್ಪು. ಆರು ಜನ ನಿರ್ದೋಷಿಗಳು, ಮೂವರ ಬಗ್ಗೆ ಜ್ಯೂರಿಗೆ ಒಮ್ಮತ ಬರ್ಲಿಲ್ಲ. ಆದ್ರೆ ಯಾರನ್ನೂ ಮನೆಗೆ ಬಿಡ್ಲಿಲ್ಲ, ಇನ್ನೊಂದು ಆರೋಪ ಬಾಕಿ ಇದೆ ಅಂತ ವಾಪಸ್ ಜೈಲಿಗೆ.

ಬೆಳಿಗ್ಗೆ ಪೇಪರ್ ಬಿಚ್ಚಿದ್ರೆ ಒಂದು ಪ್ರಕಟಣೆ, ನ್ಯಾಯ ಸೋತಿದೆ, ಹತ್ತು ಗಂಟೆಗೆ ಹೆನ್ರಿ ಕ್ಲೇ ಅನ್ನೋ ರಾಜಕಾರಣಿಯ ಪ್ರತಿಮೆ ಹತ್ರ ಸೇರಿ, ತಯಾರಾಗಿ ಬನ್ನಿ ಅಂತ. ಕದ್ದುಮುಚ್ಚಿ ಅಲ್ಲ, ಮದುವೆ ಕರೆಯೋಲೆ ಥರ ಅಚ್ಚು ಹಾಕ್ಸಿದ್ರು, ಕೆಳಗೆ ಊರಿನ ದೊಡ್ಡ ಮನುಷ್ಯರ ಹೆಸರು ಬೇರೆ! ಸಾವಿರಾರು ಜನ ಜೈಲಿನ ಮುಂದೆ ಸೇರಿದ್ರು, ಅವರಲ್ಲಿ ಒಂದು ಗುಂಪು ಒಳಗೆ ನುಗ್ತು. ಒಳಗಿದ್ದ ಅಧಿಕಾರಿ ಸೆಲ್ ಬಾಗಿಲು ತೆಗೆದು, ಎಲ್ಲಾದ್ರೂ ಬಚ್ಚಿಟ್ಕೊಳ್ಳಿ ಅಂದ. ಹನ್ನೊಂದು ಜನ ಸತ್ರು, ಮೂವರು ಹಿಂದಿನ ದಿನ ತಾನೇ ನಿರ್ದೋಷಿ ಅನ್ನಿಸ್ಕೊಂಡವರು, ಐವರ ವಿಚಾರಣೆನೇ ಆಗಿರ್ಲಿಲ್ಲ. ಕೊಂದವರಲ್ಲಿ ಒಬ್ಬರ ಮೇಲೂ ಕೇಸ್ ಹಾಕ್ಲಿಲ್ಲ.

ಇಟಲಿ ತನ್ನ ರಾಯಭಾರಿನ ವಾಪಸ್ ಕರ್ಕೊಂಡ್ತು, ಅಮೆರಿಕಾ 25,000 ಡಾಲರ್ ಪರಿಹಾರ ಕೊಡ್ತು, ಊರಿನ ಮೇಯರ್ ಕ್ಷಮೆ ಕೇಳಿದ್ದು 2019ರಲ್ಲಿ. ಸಿಳ್ಳೆ ಹುಡುಗ ಬದುಕುಳಿದ, ಅದೇ ಕೇಸಲ್ಲಿ ಒಳಗಿದ್ದ ಅವನ ಅಪ್ಪ ಉಳೀಲಿಲ್ಲ. ವಿಚಾರಣೆ ಎದುರಿಸಿದ ಒಂಬತ್ತು ಜನರಲ್ಲಿ ಮಟ್ರಾಂಗ ಮನೆತನದ ಚಾರ್ಲ್ಸ್ ಅಂತ ಒಬ್ಬ ಇದ್ದ, ಅವನೂ ಬದುಕುಳಿದ. ಅವನು ಆಮೇಲೆ ಹೋಗಿದ್ದು ಮತ್ತೆ ಅದೇ ಬಂದರಿಗೆ, ಅದೇ ಹಣ್ಣಿನ ಹಡಗುಗಳ ಕೆಲ್ಸಕ್ಕೆ.